ಎಡದ್ದು, ಬಲದ್ದು

"ಲೇ ಸುಹಾಸ, ಎಡದ್ದ ಹಚ್ಚು!"

ಬಲಗಡೆಯ ಯಂತ್ರದ ತೋಳಿನ ದವಡೆಯೊಳಗೆ ಕೈಯಿಟ್ಟುಕೊಂಡೇ ಚನ್ನವೀರ ಕೂಗಿದ. ಗದಗಿನವನ ಬಾಯಲ್ಲಿ 'ಹಚ್ಚು' ಅಂದರೆ ವೈರ್ ಸಿಕ್ಕಿಸು ಎಂದರ್ಥ. ದೀಪ ಹಚ್ಚುವುದಷ್ಟೇ ಗೊತ್ತಿದ್ದ ಮೈಸೂರಿನ ಸುಹಾಸನಿಗೆ ಅದು ಚಾಲೂ ಮಾಡು ಎಂದು ಕೇಳಿಸಿತು. ಪರದೇಶದ ಕ್ಯಾನ್ಯನ್ ಪಾರ್ಕಿನ ಆ ರೋಬೋ ಲ್ಯಾಬಿನಲ್ಲಿ ಒಟ್ಟಿಗೇ ದುಡಿದರೂ ಇಬ್ಬರ ಕನ್ನಡ ಎರಡಾಗಿಯೇ ಉಳಿದಿತ್ತು. ಹಿಂದೆ ತಿರುಗಿಯೂ ನೋಡದೆ ಸುಹಾಸ ಪರದೆಯ ಮೇಲೆ 'ಎಡ' ಒತ್ತಿದ.

ಎಡದ ತೋಳಿನ ವೈರ್ ಇನ್ನೂ ನೆಲದ ಮೇಲೆ ಬಿದ್ದಿತ್ತು. ಹಾಳು ಕಂಪ್ಯೂಟರಿಗೆ ಮುಖ ನೋಡುವ ಅಭ್ಯಾಸವಿಲ್ಲ. ವೈರಿನಿಂದ ಮೊದಲು ಸೇರಿಕೊಂಡ ತೋಳಿಗೆ ಒಂದನೆಯ ಹೆಸರು, ಆಮೇಲೆ ಬಂದದ್ದಕ್ಕೆ ಎರಡನೆಯದು. ಒಂದು ಅಂದರೆ ಎಡ ಎಂದು ಪ್ರೋಗ್ರಾಮ್ ಬರೆದವನು ಸುಹಾಸನೇ. ಈ ಹೊತ್ತಿಗೆ ಸೇರಿಕೊಂಡಿದ್ದುದು ಬಲದ್ದೊಂದೇ; 'ಎಡ'ದ ಆಜ್ಞೆ ಅದಕ್ಕೇ ಹೋಯಿತು. ಅದರ ಉಕ್ಕಿನ ದವಡೆ ಕಟಕ್ಕನೆ ಮುಚ್ಚಿತು. ಚನ್ನವೀರನ ಚೀತ್ಕಾರಕ್ಕಿಂತ ಮೊದಲು ಮೂಳೆ ಮುರಿದ ಸದ್ದು ಕೇಳಿಸಿತು.

ಸುಹಾಸ ಕೆಂಪು ಗುಂಡಿಗೆ ಗುದ್ದಿದ. ತೋಳು ನಿಂತಿತು, ಹಿಡಿತ ಬಿಡಲಿಲ್ಲ. ಬಿಡಿಸಲು ಮತ್ತೆ ಚಾಲೂ ಮಾಡಲೇಬೇಕು. ಗಾಬರಿಯಲ್ಲಿ ಯಾವುದು ಮೊದಲೆಂದು ನೋಡದೆ ವೈರ್ ಕಿತ್ತು ಎರಡನ್ನೂ ಸಿಕ್ಕಿಸಿದ. ಪರದೆಯ ಮೇಲೆ ಈಗ ಎರಡು ಹೆಸರು. ಎಡದ ತೋಳು ಮೊದಲಿನಿಂದಲೂ ಚನ್ನವೀರನ ತಲೆಯ ಮೇಲೆಯೇ ಭಾರೀ ಉಕ್ಕಿನ ಹಲಗೆ ಕಚ್ಚಿ ಹಿಡಿದು ನಿಂತಿತ್ತು. ತಪ್ಪಿ ಅದರ ಬಾಯಿ ತೆರೆಸಿದರೆ ಆಳು ಉಳಿಯುವುದಿಲ್ಲ.

"ಬಲದ್ದು ಓಪನ್ ಮಾಡ್ತೀನಿ, ಅಣ್ಣಾ!"

"ಬ್ಯಾಡ! ಹೆಸರ ನಂಬಿದ್ರ ನನ್ನ ಕೊಲ್ಲತಿ! ಇದರ ಮ್ಯಾಲಿನ ನಂಬರ್ ಹೇಳ್ತೀನಿ, ಅದನ್ನ ಹುಡುಕು!"

ಕಾರ್ಖಾನೆಯಲ್ಲಿ ಕೆತ್ತಿದ ನಂಬರು ಎಷ್ಟು ಸಲ ಕಿತ್ತು ಸಿಕ್ಕಿಸಿದರೂ ಬದಲಾಗದು. ಕೇಳಿದರೆ ತೋಳೇ ಅದನ್ನು ಕಂಪ್ಯೂಟರಿಗೆ ಹೇಳುತ್ತದೆ. ಆದರೆ ಅದನ್ನು ಅವನದೇ ರಕ್ತ ಮುಚ್ಚಿತ್ತು. ಚನ್ನವೀರ ಬಗ್ಗಿ ಗಲ್ಲದಿಂದ ಒರೆಸಿದ. ರಕ್ತ ಮತ್ತೆ ಹರಿಯಿತು. ಮತ್ತೆ ಒರೆಸಿದ.

"ಏಳು... ನಾಕು... ಎಂಟು... ತಡಿ ತಡಿ, ಎಂಟಲ್ಲ, ಮೂರು!"

ಸುಹಾಸ ಆ ನಂಬರು ಹುಡುಕಿ, ಕಣ್ಣು ಮುಚ್ಚಿ ತೆರೆಯುವ ಗುಂಡಿ ಒತ್ತಿದ. ಹಲಗೆ ಅಲುಗಲಿಲ್ಲ. ಬಲದ ದವಡೆ ತೆರೆಯಿತು. ಕೈ ಹೊರಬಂತು, ಎರಡು ಬೆರಳು ಅಲ್ಲೇ ಉಳಿದವು.

ಚನ್ನವೀರ ತೂರಾಡುತ್ತ ಬಂದು ಎಡಗೈಯಿಂದ ಸುಹಾಸನ ಕಪಾಳಕ್ಕೆ ಬಾರಿಸಿದ. ಮತ್ತೊಂದು ಏಟಿಗೆ ತುಟಿ ಒಡೆಯಿತು. ಸುಹಾಸ ಮುಖ ಸರಿಸಲಿಲ್ಲ. ಆಂಬುಲೆನ್ಸಿಗೆ ಫೋನಿನಲ್ಲಿ ವಿಳಾಸ ಹೇಳುತ್ತಲೇ ಇದ್ದ. ಇನ್ನೊಂದು ಏಟಿಗೆಂದು ಎತ್ತಿದ ಕೈ ಅವನ ಕಾಲರ್ ಹಿಡಿಯಿತು. ಬೀಳದಂತೆ ಅದನ್ನೇ ಹಿಡಿದು ಚನ್ನವೀರ ನಿಂತುಕೊಂಡ.