ಮಾಯಬಾರದ ಕಲೆಗಳು

ಅಣ್ಣ ಹೊನ್ನೂರಸ್ವಾಮಿ ಎರಡನೇ ಏಟು ಹಾಕಿದಾಗಲೂ, ಕೈಯಲ್ಲಿದ್ದ ಮೊರ ಕೆಳಗಿಟ್ಟು ಬಿಡಿಸಲು ಹೋಗಬೇಕೆಂದು ಸರಿತಾಳಿಗೆ ಅನ್ನಿಸಲಿಲ್ಲ. ಅಂಗಳದ ಬೇವಿನ ಬುಡದಲ್ಲಿ ಅವಳ ಗಂಡ ಪಾಲಾಕ್ಷ ವಾಚ್‌ಮನ್ನಿನ ನೀಲಿ ಯೂನಿಫಾರಂನಲ್ಲೇ ಬಿದ್ದಿದ್ದ. ಕುದಾಪುರದ ಕ್ಯಾಂಪಸ್ ಗೇಟಿನಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳ ಕಾರನ್ನೇ ತಡೆದು ನಿಲ್ಲಿಸುವ ಮನುಷ್ಯ ಈಗ ಹೆಂಡತಿಯ ಅಣ್ಣನ ಕಾಲ ಬಳಿ ಮಣ್ಣು ಉಗುಳುತ್ತಿದ್ದ. ಸರಿತಾ ಮೊರದ ಶೇಂಗಾ ಬೀಜದೊಳಗಿನ ಒಂದು ಕಲ್ಲು ಆರಿಸಿ ಆಚೆ ಎಸೆದಳು. ಅವಳಿಗೆ ಖುಷಿಯಾಗಿತ್ತು. ಅದನ್ನು ಮುಖದಲ್ಲಿ ಕಾಣದ ಹಾಗೆ ಇಟ್ಟುಕೊಳ್ಳುವುದೇ ಕಷ್ಟವಾಗಿತ್ತು.

"ಲೇ, ನನ್ನ ತಂಗಿ ಕೈ ನೋಡಲೇ. ನೀಲಿಗಟ್ಟಿ ಹೋಗೈತೆ. ಮೊಳಕಾಲ್ಮೂರಿನಾಗೆ ನಾನು ಪಂಚಾಯ್ತಿ ಮೆಂಬರು. ನಾಲ್ಕು ಜನದ ಮಧ್ಯೆ ತಲೆ ಎತ್ತಿ ತಿರುಗಬೇಕಾ ಬ್ಯಾಡವಾ?"

"ದೇವರಾಣೆ ನಾನು ಹೊಡ್ದಿಲ್ಲ ಭಾವ. ಬೇಕಾದ್ರೆ ಅವಳನ್ನೇ ಕೇಳು."

ಹೊನ್ನೂರಸ್ವಾಮಿ ತಂಗಿಯ ಕಡೆ ತಿರುಗಿದ. ಸರಿತಾ ಸೆರಗು ಎಳೆದು ಮೊಣಕೈ ಮೇಲಿನ ಕಲೆ ಮುಚ್ಚಿಕೊಂಡು ತಲೆ ತಗ್ಗಿಸಿದಳು, ಅಷ್ಟೆ. ಹೆಣ್ಣು ತಲೆ ತಗ್ಗಿಸಿದರೆ ಹೌದು ಎಂದೇ ತಿಳಿಯುವುದು ಲೋಕದ ರೂಢಿ. ಆ ರೂಢಿಯಿಂದ ಅವಳಿಗೆ ಲಾಭವಾದದ್ದು ಅದೇ ಮೊದಲು.

ಪಾಲಾಕ್ಷ ಹೇಳಿದ್ದು ನಿಜ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕೂಲಿಗೆ ಹೋಗುವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಒಂದು ದಿನ ಬಾಯಿಗೆ ನಾಲ್ಕು ಶೇಂಗಾ ಹಾಕಿಕೊಂಡಾಗ ವಸಡಿನಿಂದ ರಕ್ತ ಬಂದು ನಿಲ್ಲಲೇ ಇಲ್ಲ. ಜೊತೆಯ ಹೆಂಗಸರು ಹೆದರಿ ಆಸ್ಪತ್ರೆಗೆ ನೂಕಿದ್ದರು. ಅಲ್ಲಿನ ಡಾಕ್ಟರಮ್ಮ ಅವಳ ತೋಳು, ತೊಡೆಯ ಕಲೆಗಳನ್ನು ನೋಡಿ ಕೇಳಿದ ಮೊದಲ ಮಾತೇ "ಯಾರು ಹೊಡೆದದ್ದು?" ಅಂತ. ಆಮೇಲೆ ಕಣಕಾಲಿನ ಮೇಲೆ ರಾಗಿ ಚೆಲ್ಲಿದಂತೆ ಎದ್ದಿದ್ದ ಕೆಂಪು ಚುಕ್ಕೆಗಳನ್ನು ಕಂಡು ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು.

"ಯಾರೂ ಹೊಡೆದದ್ದಲ್ಲಮ್ಮ. ರಕ್ತ ಹೆಪ್ಪುಗಟ್ಟೋಕೆ ಪ್ಲೇಟ್‌ಲೆಟ್ ಅಂತ ಇರ್ತವೆ. ನಿನ್ನ ಮೈಯೇ ಅವನ್ನ ವೈರಿ ಅಂತ ತಿಳ್ಕೊಂಡು ಕೊಲ್ತಾ ಇದೆ. ಅದಕ್ಕೇ ಎಲ್ಲಿ ಸ್ವಲ್ಪ ಒತ್ತಿದರೂ ಕಲೆ," ಅಂದರು. ಊಟವಾದ ಮೇಲೆ ನುಂಗುವ ಮಾತ್ರೆ ಬರೆದರು. ಮುಖ ಊದಬಹುದು, ಹಸಿವು ಹೆಚ್ಚಬಹುದು, ಹೆದರಬಾರದು. ನೋವಿನ ಮಾತ್ರೆ ಮುಟ್ಟಬಾರದು. ವಾರವಾರ ರಕ್ತ ತೋರಿಸಬೇಕು. "ನೀನಾಗೇ ಇದನ್ನ ನಿಲ್ಲಿಸಿಬಿಟ್ಟೀಯ, ಹುಷಾರು. ಮೂಗಿನಲ್ಲಿ ರಕ್ತ ನಿಲ್ಲದೆ ಬಂದರೆ, ತಲೆ ಸಿಡಿದರೆ, ಮನೇಲಿ ಕೂರಬೇಡ."

ವೈರಿ ಯಾರೆಂದು ತನ್ನ ಮೈಗೇ ಗೊತ್ತಾಗಲಿಲ್ಲವಲ್ಲ ಎಂದು ಸರಿತಾ ಬಸ್ಸಿನಲ್ಲಿ ಅಂದುಕೊಂಡಳು. ಅವಳಿಗಂತೂ ಯಾವ ಅನುಮಾನವೂ ಇರಲಿಲ್ಲ.

ಪಾಲಾಕ್ಷ ಈಗ ಹೊಡೆಯುತ್ತಿರಲಿಲ್ಲ. ಯೂನಿಫಾರಂ ಬಂದ ಮೇಲೆ ಅವನು ಮರ್ಯಾದಸ್ಥನಾಗಿದ್ದ. ಅದಕ್ಕೆ ಮುಂಚೆ ಮದುವೆಯಾದ ಹೊಸದರಲ್ಲಿ, ಸಾರಿಗೆ ಉಪ್ಪು ಹೆಚ್ಚಾದರೆ ಬೆಲ್ಟು, ಕಡಿಮೆಯಾದರೆ ಬೆಲ್ಟು. ಜಾಣ, ರವಿಕೆ ಮುಚ್ಚುವ ಕಡೆಗೇ ಹೊಡೆಯುತ್ತಿದ್ದ. ಒಮ್ಮೆ ಮಾತ್ರ ಕೈ ತಪ್ಪಿ ಕೆನ್ನೆಗೆ ಬಿಟ್ಟ ಏಟಿಗೆ ಅವಳ ಎಡಗಿವಿ ಕೇಳಿಸುವುದೇ ನಿಂತಿತು. ಅವಳು ಉಟ್ಟ ಸೀರೆಯಲ್ಲೇ ತವರಿಗೆ ಹೋಗಿ ಅತ್ತಳು. ಇದೇ ಹೊನ್ನೂರಸ್ವಾಮಿ, "ಗಂಡ ಅಂದ ಮ್ಯಾಲೆ ಒಂದು ಮಾತು ಅಂತಾನೆ, ಒಂದು ಏಟು ಹಾಕ್ತಾನೆ. ಸಾಗಿಸ್ಕಂಡು ಹೋಗಬೇಕಮ್ಮ," ಎಂದು ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟು ಸಂಜೆ ಬಸ್ಸು ಹತ್ತಿಸಿದ್ದ. ಕೆಟ್ಟ ಕಿವಿ ಯಾರ ಕಣ್ಣಿಗೂ ಬೀಳುವುದಿಲ್ಲ. ತೋಳಿನ ನೀಲಿ ಬೀಳುತ್ತದೆ. ನಾಲ್ಕು ಜನ ನೋಡಿ ಆಡಿಕೊಂಡಾಗ ಅಣ್ಣನಿಗೆ ತಂಗಿ ನೆನಪಾದಳು. ಅವಳಿಗೆ ಇಬ್ಬರ ಮೇಲೂ ಕೆಂಡದಂಥ ಸಿಟ್ಟಿತ್ತು.

ಗಲಾಟೆ ಕೇಳಿ ಬಂದ ಹಟ್ಟಿಯ ಹಿರಿಯ ಬೋರಯ್ಯ ಇಬ್ಬರನ್ನೂ ದೂರ ನಿಲ್ಲಿಸಿದ. "ಹೊಡೆದಾಡಿದ್ರೆ ಸತ್ಯ ಹೊರಗೆ ಬರಲ್ಲ ಕಣ್ರಪ್ಪ. ಅಮಾಸೆ ದಿವಸ ಗುಡಿ ಮುಂದೆ ದೀಪ ಹಚ್ತೀನಿ. ಹೊಡ್ದಿಲ್ಲ ಅನ್ನೋನು ಆರಿಸಲಿ," ಅಂದ. ಆ ಹಟ್ಟಿಯಲ್ಲಿ ಅದರ ಮೇಲೆ ಮಾತಿಲ್ಲ. ದೇವರ ದೀಪವನ್ನು ಬೆರಳಿನಿಂದ ಚಿವುಟಿ ಆರಿಸಿ ಪ್ರಮಾಣ ಮಾಡಿದರೆ ಸತ್ಯವಂತ. ಸುಳ್ಳಾಡಿ ಆರಿಸಿದರೆ ಅವನ ಮನೆಯ ದೀಪವೇ ಆರುತ್ತದೆ. ಅದಕ್ಕೆ ಹೆದರದ ಗಂಡಸು ಅಲ್ಲಿ ಇನ್ನೂ ಹುಟ್ಟಿರಲಿಲ್ಲ. ಪಾಲಾಕ್ಷ ಮೂತಿ ಒರೆಸಿಕೊಂಡು, "ಆರಿಸ್ತೀನಿ ಅಜ್ಜ. ನನಗೇನು ಭಯ," ಅಂದ.

ಮಾತ್ರೆ ಕೆಲಸ ಮಾಡುತ್ತಿತ್ತು. ಸರಿತಾಳಿಗೆ ಅದೇ ಪೇಚಾಟವಾಯಿತು. ತೋಳಿನ ನೀಲಿ ಹಳದಿಗೆ ತಿರುಗಿತು, ಹಳದಿ ಮಾಸತೊಡಗಿತು, ಕಾಲಿನ ಚುಕ್ಕೆ ಕಾಣದಾದವು. ಮುಖ ದುಂಡಗಾಯಿತು. "ಅಣ್ಣ ಬಂದು ಹೋದ ಮ್ಯಾಲೆ ಮುಖಕ್ಕೆ ಕಳೆ ಬಂತು ನೋಡು," ಎಂದು ನಲ್ಲಿಯ ಹತ್ತಿರ ಹೆಂಗಸರು ನಕ್ಕರು. ಕಲೆ ಮಾಸಿದಂತೆಲ್ಲ ಜನರ ಕೋಪವೂ ಮಾಸುತ್ತಿತ್ತು. ಪಾಲಾಕ್ಷನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು ಮತ್ತೆ ಕಟ್ಟೆಯ ಮೇಲೆ ಜಾಗ ಬಿಟ್ಟರು. ಅವನು ಬೀಡಿ ಹಚ್ಚಿಕೊಂಡು ನಗುವುದನ್ನು ಅವಳು ದೂರದಿಂದ ನೋಡಿದಳು.

ಮರುದಿನ ಅವಳು ಮಾತ್ರೆ ನುಂಗಲಿಲ್ಲ. ಅದರ ಮರುದಿನವೂ ನುಂಗಲಿಲ್ಲ. ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ಅಮಾಸೆಯ ತನಕ ಮೈಮೇಲೆ ಕಲೆ ಇರಲೇಬೇಕು ಎಂಬ ಹಟ ಅದಕ್ಕಿಂತ ದೊಡ್ಡದಾಗಿತ್ತು. ಕಲೆಗಳು ಬಂದವು. ನೀರಿನ ಕೊಡ ಒತ್ತಿದಲ್ಲಿ ಸೊಂಟಕ್ಕೆ, ಬಸ್ಸಿನ ಕಂಬಿ ಹಿಡಿದಲ್ಲಿ ಅಂಗೈಗೆ, ಮೊದಲಿಗಿಂತ ಕಪ್ಪಾಗಿ ಬಂದವು. ಅತ್ತೆ ಕರಿಯಕ್ಕ ಅರಿಶಿನ ಹಚ್ಚಲು ಬಂದು, ಮಗ ಕೆಲಸಕ್ಕೆ ಹೋದ ಮೇಲೆ ಹುಟ್ಟಿದ ಹೊಸ ಕಲೆ ನೋಡಿ, ಸೊಸೆಯ ಮುಖವನ್ನೇ ದಿಟ್ಟಿಸಿದಳು. ಏನೂ ಕೇಳಲಿಲ್ಲ. ಕೇಳಬೇಕಾದಾಗ ಕೇಳದ ಬಾಯಿ ಅದು, ಈಗ ಹೇಗೆ ಕೇಳೀತು?

ಅಮಾಸೆಯ ಬೆಳಿಗ್ಗೆ ಕಾವಲಿನ ಹುಲ್ಲುಬಯಲ ಅಂಚಿನ ಗುಡಿಯ ಮುಂದೆ ಹಟ್ಟಿಯೇ ಸೇರಿತ್ತು. ಹೊನ್ನೂರಸ್ವಾಮಿ ಬಿಳಿ ಅಂಗಿ ಹಾಕಿಕೊಂಡು ಬೈಕಿನಲ್ಲಿ ಬಂದಿದ್ದ. ಬೋರಯ್ಯ ಕಲ್ಲಿನ ಮೇಲೆ ಮಣ್ಣಿನ ಹಣತೆ ಇಟ್ಟು ಹಚ್ಚಿದ. ಪಾಲಾಕ್ಷ ತಲೆಗೆ ನೀರು ಹಾಕಿಕೊಂಡು ಒದ್ದೆ ಪಂಚೆಯಲ್ಲಿ ಬಂದು ನಿಂತ. ನಿರಪರಾಧಿಯ ಗತ್ತು ಅವನ ಎದೆಯಲ್ಲಿ ಎದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಸರಿತಾಳ ಮೂಗಿನಿಂದ ರಕ್ತ ಇಳಿಯಿತು. ಸೆರಗು ಒತ್ತಿ ಹಿಡಿದಳು. ಸೆರಗು ತೊಯ್ದಿತು, ರಕ್ತ ನಿಲ್ಲಲಿಲ್ಲ, ಗಂಟಲಿಗೂ ಇಳಿಯಿತು. ತಲೆ ಸಿಡಿಯತೊಡಗಿತು. ಆಗ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಸತ್ತುಹೋಗುತ್ತೇನೆ ಅನ್ನಿಸಿತು. ತಾನು ಸತ್ತರೆ ಇವನು ದೀಪ ಆರಿಸಿದ ಸತ್ಯವಂತ. ಅನ್ಯಾಯವಾಗಿ ಏಟು ತಿಂದ ಸಾಧು. ವರ್ಷ ತಿರುಗುವುದರೊಳಗೆ ಇನ್ನೊಬ್ಬಳಿಗೆ ತಾಳಿ ಕಟ್ಟುತ್ತಾನೆ, ಅಣ್ಣ ಮುಂದೆ ನಿಂತು ಅಕ್ಷತೆ ಹಾಕುತ್ತಾನೆ. ಅದನ್ನು ನೆನೆದಾಗ ಹೆದರಿಕೆಗಿಂತ ಸಿಟ್ಟೇ ಮೇಲೆ ಬಂತು.

ಪಾಲಾಕ್ಷ ದೀಪದ ಮೇಲೆ ಕೈ ಚಾಚಿದ್ದ. "ಇವಳ ಮೈ ಮ್ಯಾಲಿನ ಈ ಕಲೆ ನಾನು..."

"ತಡೀರಿ ಅಜ್ಜ," ಎಂದಳು ಸರಿತಾ. ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. "ಈ ಕಲೆ ಆತ ಮಾಡಿದ್ದಲ್ಲ. ನನಗೆ ರಕ್ತದ ಕಾಯಿಲೆ ಐತೆ. ಚಳ್ಳಕೆರೆ ಡಾಕ್ಟ್ರಮ್ಮ ಹೇಳ್ಯಾರೆ. ಮಾತ್ರೆ ಕೊಟ್ಟಿದ್ರು, ನಾನೇ ಬಿಟ್ಟೆ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಪಾಲಾಕ್ಷನ ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ? ಎಲ್ಲಾರೂ ಕೇಳಿದ್ರಾ? ನಾನು ಹೇಳ್ಲಿಲ್ವಾ?"

"ಮತ್ತೆ ಇಷ್ಟು ದಿವಸ ಯಾಕೆ ಸುಮ್ಕಿದ್ದೆವ್ವ?" ಬೋರಯ್ಯನ ದನಿ ಗಡುಸಾಗಿತ್ತು.

"ನಾನು ಹೇಳಿದಾಗ ಯಾರೂ ಕೇಳಲಿಲ್ಲ ಅಜ್ಜ. ಅದಕ್ಕೆ." ಅವಳು ಬಾಯಿಗೆ ಬಂದ ರಕ್ತ ಉಗುಳಿದಳು. "ದೀಪ ಹಚ್ಚಿದ್ದು ಹಚ್ಚಿದ್ದೇ. ಹಂಗೇ ಇರಲಿ. ಆತ ಈ ಕಲೆಗೆ ಆರಿಸೋದು ಬ್ಯಾಡ. ಮದುವೆ ಆದಾಗಿಂದ ಇವಳಿಗೆ ಒಂದೇಟೂ ಹೊಡ್ದಿಲ್ಲ, ಇವಳ ಎಡಗಿವಿ ಕೆಡಿಸಿದೋನು ನಾನಲ್ಲ ಅಂತ ಆರಿಸಲಿ. ಆಮ್ಯಾಲೆ ಇನ್ನೊಂದು ಹಚ್ರಿ. ನನ್ನ ತಂಗಿ ಬಂದು ಅತ್ತಿರಲಿಲ್ಲ, ನಾನು ಬಸ್ ಹತ್ತಿಸಿ ಕಳಿಸಿರಲಿಲ್ಲ ಅಂತ ನಮ್ಮಣ್ಣ ಆರಿಸಲಿ."

ಪಾಲಾಕ್ಷ ಅವ್ವನ ಕಡೆ ನೋಡಿದ. ಕರಿಯಕ್ಕ ಮಗನ ಕಡೆ ನೋಡಲಿಲ್ಲ. ಮುಂದೆ ಬಂದು ತನ್ನ ಸೆರಗಿನಿಂದ ಸೊಸೆಯ ಮೂಗು ಒತ್ತಿ ಹಿಡಿದಳು. "ಆಟೋ ಕರೀರಿ ಯಾರಾದ್ರೂ. ಈ ಹುಡುಗಿ ಉಳಿಯಲ್ಲ."

"ನನ್ನ ಬೈಕ್ ಐತೆ, ಬಾರಮ್ಮ, ಬೇಗ ಹೋಗಾನ," ಎಂದು ಹೊನ್ನೂರಸ್ವಾಮಿ ಕೀಲಿ ತೆಗೆದ.

"ನೀನು ಇಲ್ಲೇ ಇರಣ್ಣ. ನಿನ್ನ ಸರದಿ ಐತೆ."

ಬೋರಯ್ಯ ಕೋಲು ಅಡ್ಡ ಹಿಡಿದ. ಹೊನ್ನೂರಸ್ವಾಮಿ ನಿಂತಲ್ಲೇ ನಿಂತ. ಆಟೋ ಬಂದಾಗ ಸರಿತಾ ಅತ್ತೆಯ ಭುಜ ಹಿಡಿದು ಹತ್ತಿದಳು, ಚಳ್ಳಕೆರೆಗೆ ನಡಿ, ಗುಂಡಿ ನೋಡಿಕೊಂಡು ಹೋಗು ಎಂದು ಡ್ರೈವರನಿಗೆ ಹೇಳಿದಳು. ಕರಿಯಕ್ಕ, "ತಲೆ ಮುಂದಕ್ಕೆ ಬಗ್ಸು, ಮಾತಾಡಬ್ಯಾಡ," ಅಂದಳು. ಆದರೂ ಗಾಡಿ ತಿರುಗುವಾಗ ಸರಿತಾ ಒಮ್ಮೆ ತಲೆ ಎತ್ತಿ ನೋಡಿದಳು. ಹುಲ್ಲಿನ ಬಯಲಿನಿಂದ ಗಾಳಿಯೇ ಬೀಸುತ್ತಿರಲಿಲ್ಲ. ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಮೇಲೆ ಮತ್ತೆ ಚಾಚಿದ ಪಾಲಾಕ್ಷನ ಕೈ ಕೆಳಗೂ ಇಳಿಯದೆ, ಹಿಂದಕ್ಕೂ ಬಾರದೆ, ಸುಡುತ್ತ ಹಾಗೇ ನಿಂತಿತ್ತು.