ಮುಚ್ಚಲಾಗದು

ಭಾನುವಾರದ ಪ್ರಾರ್ಥನೆ ಮುಗಿದು ಜನ ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಗಂಟೆ ಮಾಮ ಗಂಟಲು ಸರಿಮಾಡಿಕೊಂಡು ಊರಿನ ಕೌನ್ಸಿಲ್ಲಿನ ಸುದ್ದಿಹಾಳೆ ಬಿಡಿಸಿದ. ಆ ಚರ್ಚಿನ ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಬಾಗಿಲಿಗೆ ಬೀಗ ಹಾಕುವುದು ಎಲ್ಲ ಅವನದೇ ಕೆಲಸ. ತಿಂಗಳಿಗೊಮ್ಮೆ ಈ ಹಾಳೆ ಓದುವುದನ್ನು ಮಾತ್ರ ಅವನು ಕೆಲಸ ಅಂದುಕೊಂಡಿರಲಿಲ್ಲ, ಅದು ಅವನ ಪಾಲಿನ ವೈಭವ. ಕೌನ್ಸಿಲ್ಲಿನ ವ್ಯಾಪ್ತಿಯ ಮೂರು ಚರ್ಚುಗಳಲ್ಲೂ ಅದೇ ಹೊತ್ತಿಗೆ ಅದೇ ಹಾಳೆ ಓದುತ್ತಿದ್ದರು. ಉಳಿದಿಬ್ಬರು ತನ್ನಷ್ಟು ಚೆನ್ನಾಗಿ ಓದುವುದಿಲ್ಲ ಎಂದು, ಅವರು ಓದುವುದನ್ನು ಒಮ್ಮೆಯೂ ಕೇಳದೆಯೇ, ಅವನಿಗೆ ಖಾತ್ರಿಯಿತ್ತು.

"ಬುಧವಾರ ಬೆಳಗ್ಗೆ ನೀರು ಬರುವುದಿಲ್ಲ. ಕಸದ ಗಾಡಿ ಇನ್ನು ಶುಕ್ರವಾರದ ಬದಲು ಗುರುವಾರ. ಹಿಡಿಕೆ ಮುರಿದ ಕಂದು ಕೊಡೆಯೊಂದು ಕಚೇರಿಯಲ್ಲಿದೆ, ಕಳೆದುಕೊಂಡವರು ಒಯ್ಯಬಹುದು."

ನಾಲ್ಕನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗಿಯ ತುಟಿ ಅವನ ಜೊತೆಜೊತೆಗೇ ಅಲುಗುತ್ತಿತ್ತು. ಅಲುಗದೆ ಏನು, ಬರೆದವಳು ಅವಳೇ. ಕೌನ್ಸಿಲ್ ಕಚೇರಿಯಲ್ಲಿ ಹಾಳೆ ಜೋಡಿಸುವುದು, ಅಚ್ಚಿಗೆ ಕೊಡುವುದು, ಹಂಚಿಸುವುದು ಅವಳ ಕೆಲಸ. ದನಿ ಹಲ್ಲಿನಾಚೆಗೆ ಬರುವುದಿಲ್ಲವೆಂದು ಕಚೇರಿಯಲ್ಲಿ ಅವಳಿಗೆ 'ಪಿಸು' ಅಂತ ಹೆಸರಿಟ್ಟಿದ್ದರು, ಆ ಹೆಸರು ಕಚೇರಿ ದಾಟಿ ಕೇರಿಗೂ ಬಂದಿತ್ತು.

"ಗೋಡೆಸಂದಿಯ ಕಾಲುದಾರಿಯನ್ನು," ಗಂಟೆ ಮಾಮ ದನಿ ಏರಿಸಿದ, "ಮುಂದಿನ ತಿಂಗಳ ಒಂದರಿಂದ ಶಾಶ್ವತವಾಗಿ ಮುಚ್ಚಲಾಗದು. ಆಕ್ಷೇಪಣೆ ಇದ್ದವರು ಹದಿನಾರನೇ ತಾರೀಖು ಸೋಮವಾರ ಸಂಜೆ ಐದರೊಳಗೆ ಬರೆದುಕೊಡಬೇಕು."

ಪಿಸುವಿನ ತುಟಿ ನಿಂತುಹೋಯಿತು.

ಮುಚ್ಚಲಾಗುವುದು. ಅವಳು ಬರೆಯಬೇಕಾಗಿದ್ದದ್ದು ಅದು. ಕಾರ್ಯದರ್ಶಿ ಹೇಳಿ ಬರೆಸಿದ್ದೂ ಅದೇ. ಆದರೆ ಅಷ್ಟರಲ್ಲಿ ಚರ್ಚಿನೊಳಗೆ ಯಾರೋ ಚಪ್ಪಾಳೆ ತಟ್ಟಿಬಿಟ್ಟಿದ್ದರು. ಹಿಂದಿನ ಸಾಲಿನಿಂದ ಚಮ್ಮಾರಜ್ಜ, "ಮುಚ್ಚಲಾಗದು ಅಂದ್ರೆ ಲಾಗದು! ಬರಹ ಅಂದ್ರೆ ಹೀಗಿರಬೇಕು, ಕೆನ್ನೆಗೆ ಹೊಡೆದ ಹಾಗೆ!" ಅಂದ. ಪಕ್ಕದಲ್ಲಿದ್ದ ಸೋದರತ್ತೆ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದಳು.

"ಒಂದು ಮಾತು ಹೇಳಲಿಲ್ವಲ್ಲೇ ನನಗೆ! ಒಳಗೊಳಗೇ ಇಷ್ಟೆಲ್ಲ ಮಾಡಿದ್ದೀಯ!"

"ಅತ್ತೆ, ಅದು..."

"ಇರು, ಬೆಂಕಿಯಂಥ ಹುಡುಗಿ ಕಣ್ರೀ ಇವಳು, ಹೊಗೆ ಬರಲ್ಲ ಅಷ್ಟೇ!" ಎಂದು ಅತ್ತೆ ಮುಂದಿನ ಬೆಂಚಿಗೆ ಸಾರಿದಳು. ಅತ್ತೆಗೆ ಗುಟ್ಟು ಅನ್ನುವುದು ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳುವ ವಿಷಯ.

ಗೋಡೆಸಂದಿ ಅಂದರೆ ಹಳೇ ಉಗ್ರಾಣದ ಗೋಡೆಗೂ ಶಾಲೆಯ ಬೇಲಿಗೂ ನಡುವಿನ ಮೂರಡಿ ಜಾಗ. ಕೆಳಗಿನ ಕೇರಿಯವರು ಆಸ್ಪತ್ರೆಗೆ, ಅಂಗಡಿಗೆ, ಅತ್ತೆ ಕೆಲಸ ಮಾಡುವ ಲಾಂಡ್ರಿಗೆ ಹೋಗುವುದು ಅದರಲ್ಲೇ. ಅದಿಲ್ಲದಿದ್ದರೆ ಲಾರಿಗಳು ಬುಸುಗುಟ್ಟುವ ಹೆದ್ದಾರಿಯ ಅಂಚಿನಲ್ಲಿ ಅರ್ಧ ಗಂಟೆ ಸುತ್ತು. ಉಗ್ರಾಣದ ಗೋಡೆ ಬಿರುಕು ಬಿಟ್ಟಿತ್ತು. ಗೋಡೆ ಸರಿಮಾಡಿಸುವುದಕ್ಕಿಂತ ಎರಡು ಕಡೆ ಗೇಟು ಹಾಕುವುದು ಸುಲಭ ಎಂದು ಕೌನ್ಸಿಲ್ ತೀರ್ಮಾನಿಸಿತ್ತು. ಹತ್ತು ಜನ ಆಕ್ಷೇಪಣೆ ಕೊಟ್ಟರೆ ಮಾತ್ರ ತೀರ್ಮಾನ ಹಿಂದಕ್ಕೆ ಹೋಗಿ ಊರ ಮುಂದೆ ಬಹಿರಂಗ ಸಭೆ ಆಗಬೇಕು, ನಿಯಮ ಹಾಗಿದೆ.

ತಪ್ಪು ಆದದ್ದು ಶುಕ್ರವಾರ. ಹಾಳೆ ಒಂದೇ ಪುಟ, ಒಂದಕ್ಷರ ಹೆಚ್ಚಾದರೂ ಕೊನೆಯ ಸಾಲು ಪುಟದಿಂದಾಚೆ ಜಾರಿಬೀಳುತ್ತಿತ್ತು. ಹಾಗಾಗಿ ಅವಳು ಪ್ರತಿ ತಿಂಗಳೂ ದರ್ಜಿಯ ಹಾಗೆ ಪದಗಳ ಅಂಚು ಮಡಚಿ ಹೊಲಿಯುತ್ತಿದ್ದಳು. ಅಂದು 'ಮುಚ್ಚಲಾಗು' ಒಂದು ಸಾಲಿನಲ್ಲಿ, 'ವುದು' ಮುಂದಿನ ಸಾಲಿನಲ್ಲಿ ಒಂಟಿಯಾಗಿ ನೇತಾಡುತ್ತಿತ್ತು. ಅಳಿಸಿ ಮತ್ತೆ ಒತ್ತುವಾಗ ಫೋನು ಬಡಿದುಕೊಂಡಿತು, ಕೊಡೆ ಕಳೆದುಕೊಂಡ ಯಾರಿಗೋ ಕಚೇರಿಯಲ್ಲಿ ಸಿಕ್ಕಿದ್ದರ ಬಣ್ಣ ಬೇಕಾಗಿತ್ತು. ಕಂದು, ಕಂದು ಎಂದು ಮೂರು ಸಲ ಹೇಳಿ ತಿರುಗಿ ನೋಡಿದರೆ ಪದ ಸಾಲಿಗೆ ಸರಿಯಾಗಿ ಕೂತಿತ್ತು. ಕೂತಿತಲ್ಲ ಎಂಬ ಖುಷಿಯಲ್ಲಿ ಓದಲೇ ಇಲ್ಲ.

ಸೋಮವಾರ ಅವಳು ಕಚೇರಿಯ ಮೆಟ್ಟಿಲನ್ನು ಓಡಿಯೇ ಹತ್ತಿದಳು. ಕಾರ್ಯದರ್ಶಿ ಮಾತ್ರ ಚಹಾ ಸೊರ್ರೆಂದು ಹೀರುತ್ತಾ ಬಲು ಹುರುಪಿನಲ್ಲಿದ್ದ.

"ಸರ್, ತಿದ್ದುಪಡಿ ಒಂದು..." ಅವಳು ಬರೆದು ತಂದಿದ್ದ ಚೀಟಿ ಮೇಜಿನ ಮೇಲಿಟ್ಟಳು. "ಸೀಲ್ ಹಾಕಿಕೊಟ್ಟರೆ ಮೂರು ಚರ್ಚಿಗೂ ಕಳಿಸ್ತೀನಿ."

ಅವನು ಚೀಟಿಯ ಮೇಲೆ ಲೋಟ ಇಟ್ಟ. "ಕೂತ್ಕೋ ಪಿಸು. ತೀರ್ಮಾನದ ಪುಸ್ತಕದಲ್ಲಿ ಏನಿದೆ? ಮುಚ್ಚಲಾಗುವುದು ಅಂತಿದೆ. ನಾನೇ ಬರೆದಿದ್ದೀನಿ. ಹಾಳೇಲಿ ಇರೋದು ಅಚ್ಚಿನ ತಪ್ಪು. ಆಕ್ಷೇಪಣೆ ಎಷ್ಟು ಬಂದಿದೆ?"

"ಒಂದೂ ಇಲ್ಲ."

"ಬರೋದೂ ಇಲ್ಲ. ಮುಚ್ಚಲ್ಲ ಅಂತ ಕೇಳಿದೋರು ಯಾವ ಸುಖಕ್ಕೆ ಆಕ್ಷೇಪಣೆ ಕೊಡ್ತಾರೆ? ಹದಿನಾರಕ್ಕೆ ಗಡುವು ಮುಗಿಯುತ್ತೆ, ಹದಿನೇಳಕ್ಕೆ ಗೇಟಿನೋರಿಗೆ ಫೋನ್ ಮಾಡ್ತೀನಿ." ದನಿ ಸ್ವಲ್ಪ ಇಳಿಸಿದ. "ನಾನೇನು ರಾಕ್ಷಸ ಅಲ್ಲಮ್ಮ. ಆ ಗೋಡೆ ಯಾರ ತಲೆ ಮೇಲಾದ್ರೂ ಬಿದ್ರೆ ಊರವರು ಕೇಳೋದು ನನ್ನನ್ನ. ಸಭೆ ಅಂತ ಕರೆದ್ರೆ ಆರು ತಿಂಗಳು ಬರೀ ಕಿರುಚಾಟ. ನೀನು ಮಾಡಬೇಕಾದ್ದು ಒಂದೇ ಒಂದು, ಅದೂ ನಿನಗೆ ಚೆನ್ನಾಗಿ ಬರೋದು. ಸುಮ್ಮನಿರೋದು."

ಅವಳು ಸುಮ್ಮನೆ ಎದ್ದು ಬಂದಳು. ತಿರುಗಿ ನೋಡಿದಾಗ ಚೀಟಿಯ ಮೇಲೆ ಲೋಟದ ತಳ ದುಂಡಗೆ ಅಚ್ಚಾಗಿತ್ತು.

ಆ ವಾರವೆಲ್ಲ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಬುಧವಾರ ನೀರಿಲ್ಲ ಎಂದು ತಾನೇ ಬರೆದವಳು ಬುಧವಾರ ಬೆಳಗ್ಗೆ ನಲ್ಲಿ ತಿರುಗಿಸಿ ಪಾತ್ರೆ ಹಿಡಿದು ನಿಂತಿದ್ದಳು. ಬೀದಿಯಲ್ಲಿ ಹೋದರೆ ಜನ ಕರೆದು ಕರೆದು ಮಾತಾಡಿಸುತ್ತಿದ್ದರು. ಹುಟ್ಟಿದಾಗಿನಿಂದ ಅವಳನ್ನು ಕಂಡೂ ಕಾಣದಂತಿದ್ದ ಕ್ಷೌರದಂಗಡಿಯವನು ಕತ್ತರಿ ಎತ್ತಿ ಸಲಾಮು ಹೊಡೆದ. ಚಮ್ಮಾರಜ್ಜ ಬಾರು ಕಿತ್ತ ಅವಳ ಚಪ್ಪಲಿಯನ್ನು ಕಸಿದುಕೊಂಡವನ ಹಾಗೆ ಇಸಿದುಕೊಂಡು, ಕಾಸು ಪಡೆಯದೆ ಹೊಲಿದುಕೊಟ್ಟ. "ಕೌನ್ಸಿಲ್ಲಿನವರನ್ನ ಒಂದೇ ಪದದಲ್ಲಿ ಕಟ್ಟಿಹಾಕಿದ್ದೀಯಲ್ಲ, ನಿನಗೆ ನಾನು ಇಷ್ಟೂ ಮಾಡಬಾರದಾ?"

ಒಂದಕ್ಷರ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದಳು ಕೂಡ. ಆದರೆ ಎದುರಿಗಿದ್ದವರ ಮುಖ ಅರಳಿರುವಾಗ ಅದನ್ನು ಬಾಡಿಸುವ ಮಾತು ನಾಲಿಗೆಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ಅವಳಿಗೆ ಬಿಡುವೇ ಕೊಡಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು ಏನಂದರು, ಮಡಚುವವರು ಏನಂದರು, ಅದಕ್ಕೆ ತಾನೇನಂದೆ ಎಂದು ದಿನವೂ ಹೊಸ ಸೇರ್ಪಡೆ.

"ಕಾರ್ಯದರ್ಶಿ ಮುಖ ಹೇಗಿತ್ತೇ?"

"ಚೆನ್ನಾಗೇ ಇತ್ತು."

"ಒಳಗೆ ಉರೀತಿರುತ್ತೆ ಬಿಡು."

ಎಂಟನೇ ತಾರೀಖಿನ ಭಾನುವಾರ ಇನ್ನೊಂದು ಚೀಟಿ ಬರೆದುಕೊಂಡು ಚರ್ಚಿಗೆ ಹೋದಳು. ಗಂಟೆ ಮಾಮನ ಹತ್ತಿರ ಹೋಗುವ ಬದಲು ಬಾಗಿಲ ಬಳಿಯೇ ನಿಂತಳು. ಪ್ರಾರ್ಥನೆ ಮುಗಿಯಿತು, ಜನ ಕರಗಿದರು, ಅವನು ಬೀಗ ಹಾಕಿ "ಏನಮ್ಮ, ಏನಾದ್ರೂ ಬಿಟ್ಟುಹೋದ್ಯಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ ಮನೆಗೆ ಬಂದಳು. ತನ್ನ ಮೇಲೆ ತನಗೇ ಎಂಥ ಸಿಟ್ಟು ಬಂತೆಂದರೆ ಸಂಜೆಯವರೆಗೆ ಅಂಗಳ ಗುಡಿಸಿದಳು, ಗುಡಿಸಿದ್ದನ್ನೇ ಗುಡಿಸಿದಳು.

ಉಳಿದದ್ದು ಹದಿನೈದನೇ ತಾರೀಖು ಒಂದೇ.

ಆ ಭಾನುವಾರ ಪ್ರಾರ್ಥನೆಗೆ ಮೊದಲೇ ಹೋಗಿ ಚೀಟಿಯನ್ನು ಗಂಟೆ ಮಾಮನ ಮುಂದೆ ಹಿಡಿದಳು. ಅವನು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ.

"ಸೀಲ್ ಎಲ್ಲಿ?"

"ಕೊಡಲಿಲ್ಲ."

"ಸೀಲ್ ಇಲ್ಲದ್ದು ನಾನು ಓದಲ್ಲ ತಾಯಿ. ಇಪ್ಪತ್ತೆರಡು ವರ್ಷದಲ್ಲಿ ಓದಿಲ್ಲ." ಮತ್ತೆ ಚೀಟಿ ನೋಡಿದ, ಈ ಸಲ ನಿಧಾನವಾಗಿ. ಅವನ ಮುಖದ ಬಣ್ಣ ಬದಲಾಯಿತು. "ಅಯ್ಯೋ! ನಾನು ಆ ಪದಾನ ಎಷ್ಟು ಚೆನ್ನಾಗಿ ಎಳೆದು ಓದಿದ್ದೆ!" ಚೀಟಿ ವಾಪಸು ಕೊಡುತ್ತಾ, "ನಾನು ಓದಲ್ಲ. ಆದ್ರೆ ನೀನು ಎದ್ದು ನಿಂತು ಓದಿದ್ರೆ ನಿಲ್ಲಿಸೋಕೆ ನಾನ್ಯಾರು? ನಾನು ಗಂಟೆ ಹೊಡೆಯೋನು" ಅಂದ.

ಅಂದಿನ ಪ್ರಾರ್ಥನೆಯಲ್ಲಿ ಒಂದು ಮಾತೂ ಅವಳ ಕಿವಿಗೆ ಬೀಳಲಿಲ್ಲ. ಮುಗಿಯಿತು ಎಂದು ಗೊತ್ತಾದದ್ದು ಬೆಂಚುಗಳು ಕಿರುಗುಟ್ಟಿದಾಗ. ಗಂಟೆ ಮಾಮ ಅವಳ ಕಡೆ ನೋಡಿ, "ಒಂದು ನಿಮಿಷ ಕೂತ್ಕೊಳ್ಳಿ, ಕೌನ್ಸಿಲ್ಲಿನ ಹುಡುಗಿ ಏನೋ ಹೇಳ್ಬೇಕಂತೆ" ಅಂದುಬಿಟ್ಟ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಬಹುಮಾನ ಪಡೆಯುವವರ ಮನೆಯವರ ಹಾಗೆ.

ಪಿಸು ಮುಂದೆ ಹೋಗಿ ಓದಿದಳು. "ಗೋಡೆಸಂದಿಯ ಕಾಲುದಾರಿಯ ಬಗ್ಗೆ ಪ್ರಕಟವಾದ ಸುದ್ದಿಯಲ್ಲಿ ಮುಚ್ಚಲಾಗದು ಎಂಬುದನ್ನು ಮುಚ್ಚಲಾಗುವುದು ಎಂದು ಓದಿಕೊಳ್ಳತಕ್ಕದ್ದು."

"ಕೇಳಿಸ್ಲಿಲ್ಲ!" ಹಿಂದಿನಿಂದ ಕ್ಷೌರದಂಗಡಿಯವನು.

ಮತ್ತೊಮ್ಮೆ ಓದಿದಳು. ಆಗಲೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಾಗದು, ಲಾಗುವುದು, ತಕ್ಕದ್ದು ಎಲ್ಲ ಸೇರಿ ಗಂಟಾಗಿತ್ತು. "ಅಂದ್ರೆ ಏನೇ? ಮುಚ್ಚೋ ಹಾಗಿಲ್ಲ ತಾನೆ?" ಎಂದು ಚಮ್ಮಾರಜ್ಜ ಕೇಳಿದ.

ಅವಳು ಚೀಟಿ ಮಡಚಿದಳು.

"ಮುಚ್ತಾರೆ ಅಜ್ಜ," ಅಂದಳು. ದನಿ ಒಡೆದು ವಿಚಿತ್ರವಾಗಿ ಬಂತು, ಬೇರೆ ಯಾರದೋ ದನಿಯ ಹಾಗೆ. "ಕೌನ್ಸಿಲ್ಲಿನೋರು ದಾರೀನ ಮುಚ್ತಾರೆ. ಗೇಟ್ ಹಾಕ್ತಾರೆ. ನಾನು ಬರೆಯೋವಾಗ ತಪ್ಪಾಯ್ತು. ಧೈರ್ಯ ಮಾಡಿ ಬರೆದಿದ್ದಲ್ಲ, ಕಣ್ತಪ್ಪಿದ್ದು. ನಾಳೆ ಐದು ಗಂಟೆಯೊಳಗೆ ಹತ್ತು ಜನ ಬರೆದುಕೊಟ್ರೆ ಸಭೆ ಕರೀಲೇಬೇಕು. ಇಲ್ಲದಿದ್ರೆ ಮುಚ್ತಾರೆ. ನನಗೆ ಇದು ಎರಡು ವಾರದಿಂದ ಗೊತ್ತಿತ್ತು."

ಕೊನೆಯ ಮಾತು ಹೇಳೆಂದು ಅವಳನ್ನು ಯಾರೂ ಒತ್ತಾಯಿಸಿರಲಿಲ್ಲ. ಅದನ್ನು ಹೇಳದೆಯೂ ಇರಬಹುದಾಗಿತ್ತು.

ಆಮೇಲೆ ಗದ್ದಲವೋ ಗದ್ದಲ. ಒಬ್ಬರು ಕೌನ್ಸಿಲ್ಲಿಗೆ ಬೈದರು, ಒಬ್ಬರು ಅವಳಿಗೆ. ಹೊಲಿದುಕೊಟ್ಟ ಬಾರಿನ ಕಡೆ ಚಮ್ಮಾರಜ್ಜ ಕಣ್ಣು ಹಾಯಿಸಿದಂತೆ ಅವಳಿಗೆ ಅನ್ನಿಸಿತು. ಅತ್ತೆ ಎದ್ದು, ಅವಳಿಗಾಗಿ ಕಾಯದೆ, ಹೊರಗೆ ನಡೆದಳು. ಮನೆಗೆ ಬಂದಾಗ ಒಂದೇ ಮಾತು: "ಅರ್ಧ ಊರಿಗೆ ಹೇಳ್ಕೊಂಡು ಬಂದಿದ್ದೆ ಕಣೆ ನಾನು." ಅಷ್ಟು ಹೇಳಿ ಬಾಗಿಲು ಎಳೆದುಕೊಂಡಳು. ಬಾಯಿ ಮುಚ್ಚದ ಅತ್ತೆಯ ಮೌನ ಆ ಮನೆಯಲ್ಲಿ ಹೊಸ ಸಾಮಾನಿನ ಹಾಗೆ ಎಲ್ಲಿ ಹೋದರೂ ಕಾಲಿಗೆ ತೊಡರುತ್ತಿತ್ತು.

ಸೋಮವಾರ ಕಾರ್ಯದರ್ಶಿ ಅವಳ ಮುಖ ನೋಡಲಿಲ್ಲ. "ಕೌಂಟರಿನಲ್ಲಿ ಕೂತ್ಕೋ. ನೀನೇ ಕರೆಸಿಕೊಂಡಿದ್ದೀಯ, ನೀನೇ ಬರ್ಕೋ" ಎಂದು ನಮೂನೆಗಳ ಕಟ್ಟನ್ನು ಕುಕ್ಕಿದ.

ಒಂಬತ್ತಕ್ಕೆ ಬಾಗಿಲು ತೆಗೆಯುವಾಗಲೇ ಮೆಟ್ಟಿಲಿನ ತುಂಬ ಜನ. ಹತ್ತನೇ ಆಕ್ಷೇಪಣೆ ಹನ್ನೊಂದು ಗಂಟೆಗೆ ಮೊದಲೇ ಬಂತು. ಸಭೆ ಕರೆಯಲೇಬೇಕಾಯಿತು, ಒಳಗಿನ ಕೋಣೆಯಲ್ಲಿ ಕಾರ್ಯದರ್ಶಿ ಫೋನಿನಲ್ಲಿ ಅಧ್ಯಕ್ಷರಿಗೆ ಹೌದು ಸರ್, ಹೌದು ಸರ್ ಅನ್ನುವುದು ಕೇಳಿಸಿತು. ಆದರೂ ಜನ ನಿಲ್ಲಲಿಲ್ಲ. ಸಾಕು, ಹತ್ತು ಆಯಿತು ಎಂದರೆ, "ಅವರದು ಆಯ್ತು, ನಂದು?" ಅನ್ನುವರು. ಅವಳ ಬೆರಳಿನ ಗಂಟು ಊದಿಕೊಂಡಿತು. ಪ್ರತಿ ಸಲ ಬಾಗಿಲು ಸದ್ದಾದಾಗಲೂ ತಲೆ ಎತ್ತುತ್ತಿದ್ದಳು, ಅತ್ತೆ ಅಲ್ಲವೆಂದು ಮತ್ತೆ ತಗ್ಗಿಸುತ್ತಿದ್ದಳು.

ಅತ್ತೆ ಬಂದದ್ದು ಐದಕ್ಕೆ ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ. ಲಾಂಡ್ರಿಯ ನೀಲಿ ಅಂಗಿಯಲ್ಲೇ ಬಂದು, ಗುರುತಿಲ್ಲದವಳ ಹಾಗೆ ಕೌಂಟರಿನ ಮುಂದೆ ನಿಂತಳು.

"ನನ್ನದೊಂದು ಬರ್ಕೊಳ್ಳಿ."

'ಕೊಳ್ಳಿ' ಎಂಬ ಬಹುವಚನ ಪಿಸುವಿಗೆ ಚುಚ್ಚಿತು. ಹೆಸರು, ವಿಳಾಸ ಕೇಳದೆಯೇ ತುಂಬಿದಳು. "ಕಾರಣ?"

"ದಾರಿ ಬೇಕು. ಅಷ್ಟೇ ಕಾರಣ."

"ಎಲ್ಲರೂ ಹಾಗೇ ಬರೆಸಿದ್ದಾರೆ. ಸಭೇಲಿ ಒಂದೊಂದನ್ನೂ ಓದ್ತಾರಂತೆ. ಹಾಗೆ ಬರೆದದ್ದು ಲೆಕ್ಕಕ್ಕಷ್ಟೇ ಆಗುತ್ತೆ ಅತ್ತೆ, ಕಾರಣ ಇದ್ರೆ ಕೇಳಿಸ್ಕೊಳ್ತಾರೆ."

ಅತ್ತೆ ಹಿಂದೆ ತಿರುಗಿ ನೋಡಿದಳು. ಬೆಂಚಿನ ಮೇಲೆ ಯಾರೂ ಇರಲಿಲ್ಲ. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೆಳಗ್ಗೆ ಐದೂಕಾಲಿಗೆ ಹೊರಡ್ತೀನಲ್ಲ, ಆಗ ನನಗೆ ನೆಲ ಕಾಣ್ಸಲ್ಲ," ಅಂದಳು. "ಗೋಡೆ ಇದ್ರೆ ಎಡಗೈ ಇಟ್ಕೊಂಡು ಹೋಗ್ತೀನಿ. ಎಲ್ಲಿ ತಗ್ಗು, ಎಲ್ಲಿ ತಿರುವು, ಕೈಗೆ ಗೊತ್ತು. ಹೆದ್ದಾರೀಲಿ ಏನು ಹಿಡ್ಕೊಳ್ಳಲಿ, ಲಾರೀನಾ?"

ಪಿಸುವಿನ ಪೆನ್ನು ಅಲ್ಲೇ ನಿಂತಿತು. ಒಂದೇ ಸೂರಿನಡಿ ಹನ್ನೆರಡು ವರ್ಷ. "ಯಾವಾಗಿಂದ ಅತ್ತೆ?"

"ನಿಮ್ಮ ನಮೂನೇಲಿ ಆ ಪ್ರಶ್ನೆ ಇದೆಯಾ?"

"ಇಲ್ಲ."

"ಮತ್ತೆ? ಬರೀತೀಯೋ, ಗಂಟೆ ಐದು ಹೊಡೆಸ್ತೀಯೋ?"

ಬರೆದಳು. ಅತ್ತೆ ಹೇಳಿದ ಮಾತನ್ನು ಹೇಳಿದ ಹಾಗೆಯೇ, ಲಾರಿಯ ಸಮೇತ, ಒಂದಕ್ಷರ ಮಡಚದೆ ಬರೆದಳು. ಸಾಲು ಅಂಚು ದಾಟಿ ಹಿಂದಿನ ಪುಟಕ್ಕೆ ಹೋಯಿತು, ಹೋಗಲಿ ಎಂದು ಬಿಟ್ಟಳು. ಎರಡು ಸಲ ಓದಿ ನೋಡಿದಳು. ನಮೂನೆಯನ್ನು ತಿರುಗಿಸಿ ಪೆನ್ನು ಕೊಟ್ಟಳು.

ಅತ್ತೆ ಕಾಗದದ ಮೇಲೆ ಬಗ್ಗಿ, ಇನ್ನೂ ಬಗ್ಗಿ, ಪೆನ್ನನ್ನು ಗಾಳಿಯಲ್ಲೇ ಹಿಡಿದು, "ಎಲ್ಲಿ ಹಾಕಲೇ?" ಅಂದಳು.

ಪಿಸು ಸಹಿಯ ಗೆರೆಯ ಕೆಳಗೆ ತನ್ನ ತೋರುಬೆರಳು ಒತ್ತಿಹಿಡಿದಳು. ಅತ್ತೆ ಆ ಬೆರಳಿಗೆ ತಾಗಿಸಿಕೊಂಡೇ ಹೆಸರು ಎಳೆದಳು. ಕೊನೆಯ ಅಕ್ಷರದ ಬಾಲ ಗೆರೆ ತಪ್ಪಿ ಉಗುರಿನ ಮೇಲೆ ಹರಿಯಿತು. ಇಬ್ಬರೂ ಕೈ ತೆಗೆಯಲಿಲ್ಲ.