ಸವತಿ ಒಲಿದಳು

ಆ ಮನೆಯಲ್ಲಿ ದರ್ಜಿಯಮ್ಮನಿಗೆ ಒಬ್ಬ ಸವತಿ ಇದ್ದಳು. ಗಂಡನ ಬಗ್ಗೆ ಏನೇನೋ ಅಂದುಕೊಳ್ಳಬೇಡಿ, ಅವನು ಪಾಪದ ಬಸ್ ಡ್ರೈವರ್. ಸವತಿ ಎಂದರೆ ಒಂದು ಕಾಕಟೀಲ್, ಗಿಳಿ ಜಾತಿಯ ಹಕ್ಕಿ. ಹಳದಿ ಮುಖ, ಕೆನ್ನೆಗೊಂದೊಂದು ಕಿತ್ತಳೆ ಬೊಟ್ಟು, ನೆತ್ತಿಯ ಮೇಲೆ ಸದಾ ನಿಗುರಿದ ಜುಟ್ಟು. ಡ್ರೈವರನ ಮೊದಲ ಹೆಂಡತಿ ಅದನ್ನು ಮರಿಯಿಂದ ಸಾಕಿದ್ದಳು. ಅವಳು ತೀರಿಕೊಂಡ ಮೇಲೆ ಹಕ್ಕಿ ಉಳಿಯಿತು, ಶಾಲೆಗೆ ಹೋಗುವ ಮಗಳು ಉಳಿದಳು. ಆಮೇಲೆ ದರ್ಜಿಯಮ್ಮ ತನ್ನ ಹೊಲಿಗೆ ಮೆಷಿನ್ ಸಮೇತ ಬಂದು ಸೇರಿದಳು.

ಮಗಳು ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುವಳು, ಬಡಿಸಿದ್ದನ್ನು ಉಂಡು ಎದ್ದು ಹೋಗುವಳು. ಜಗಳವೂ ಇಲ್ಲ, ಸಲಿಗೆಯೂ ಇಲ್ಲ. ಹಕ್ಕಿಗೆ ಅಷ್ಟು ಮರ್ಯಾದೆಯೂ ಇರಲಿಲ್ಲ. ದರ್ಜಿಯಮ್ಮ ಪಂಜರದ ಹತ್ತಿರ ಸುಳಿದರೆ ಸಾಕು, ಬೀದಿಯ ಆ ತುದಿಗೆ ಕೇಳುವ ಹಾಗೆ ಕಿರುಚುತ್ತಿತ್ತು. ಕಾಳು ಹಾಕುವ ಕೈಯನ್ನೇ ಕಚ್ಚುತ್ತಿತ್ತು. ಅವಳ ಬೆರಳಲ್ಲಿ ಸೂಜಿ ಚುಚ್ಚಿದ ಗಾಯಕ್ಕಿಂತ ಕೊಕ್ಕಿನ ಗಾಯವೇ ಹೆಚ್ಚು.

"ಏನಂತಾಳೆ ನಿಮ್ಮ ಸವತಿ?" ಎಂದು ಅಳತೆ ಕೊಡಲು ಬಂದ ಹೆಂಗಸರು ಕೇಳುತ್ತಿದ್ದರು.

"ಮನೆ ಬಿಟ್ಟು ಹೋಗು ಅಂತಾಳೆ. ಇನ್ನೇನಂತಾಳೆ?"

ಹೀಗೆಂದು ಅವಳೂ ನಗುತ್ತಿದ್ದಳು. ನಗು ತುಟಿಯಲ್ಲಷ್ಟೇ. ಈ ಮನೆಯಲ್ಲಿ ಯಾರಾದರೂ ಒಬ್ಬರು ತಾವಾಗಿಯೇ ತನ್ನ ಹತ್ತಿರ ಬರಲಿ ಎಂಬುದೊಂದೇ ಅವಳ ಆಸೆ. ಗಂಡ ಈ ಲೆಕ್ಕಕ್ಕಿಲ್ಲ, ಅವನು ಬಸ್ಸಿನಲ್ಲಿ ಅಪರಿಚಿತರ ಜೊತೆಗೂ ಹೀಗೇ ನಗುನಗುತ್ತಾ ಇರುವವನು.

ಒಂದು ಬೆಳಿಗ್ಗೆ ಹಕ್ಕಿ ಕಿರುಚಲಿಲ್ಲ. ಕೈ ಒಳಗೆ ಹಾಕಿದರೆ ಕಚ್ಚಲೂ ಇಲ್ಲ. ಧೈರ್ಯ ಮಾಡಿ ಬೆರಳು ಒಡ್ಡಿದಳು. ಅದು ಕೊಂಚ ತಡವರಿಸಿ, ಹತ್ತಿ ಕೂತಿತು. ಕತ್ತಿನ ಹಿಂದೆ ಮೆಲ್ಲಗೆ ಕೆರೆದಾಗ ಕಣ್ಣು ಮುಚ್ಚಿತು. ದರ್ಜಿಯಮ್ಮ ಹಿಗ್ಗಿ ಹೀರೇಕಾಯಿಯಾದಳು.

"ರೀ, ಇಲ್ಲಿ ನೋಡಿ. ಸವತಿ ಒಲಿದ್ಲು."

ಡ್ರೈವರ್ ಶೂಗೆ ಕಾಲು ತೂರಿಸುತ್ತಾ ಬಂದು ನೋಡಿದ. "ಅಂತೂ ಪಕ್ಷಿ ಪಕ್ಷಾಂತರ ಮಾಡ್ತು ಅನ್ನು."

ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಿದ್ದ ಮಗಳು ಬಾಗಿಲಲ್ಲಿ ನಿಂತಳು. "ಅದು ಯಾವತ್ತೂ ಹಾಗೆ ಉಬ್ಬಿಕೊಂಡು ಕೂರಲ್ಲ, ಚಿಕ್ಕಮ್ಮ. ಹಗಲೆಲ್ಲಾ ನಿದ್ದೆನೂ ಮಾಡಲ್ಲ. ಅದಕ್ಕೇನೋ ಆಗಿದೆ."

ಮಗಳು ಅತ್ತ ಹೋದ ಮೇಲೆ ಡ್ರೈವರ್ ಕಣ್ಣು ಮಿಟುಕಿಸಿದ. "ಹೊಟ್ಟೆಕಿಚ್ಚು. ಅಮ್ಮನ ಹಕ್ಕಿ ನಿನ್ನ ಪಾಲಾಯ್ತಲ್ಲ ಅಂತ." ದರ್ಜಿಯಮ್ಮನಿಗೂ ಹಾಗೇ ಅನ್ನಿಸಿತು. ಹುಡುಗಿಯ ಮೇಲೆ ಮರುಕ ಬಂತು, ಅದರ ಜೊತೆಗೆ ಗೆದ್ದೆನೆಂಬ ಸಣ್ಣ ಖುಷಿಯೂ ಬಂತು. ಬರಬಾರದಿತ್ತು, ಆದರೆ ಬಂತು.

ಅಂದಿನಿಂದ ಅವಳು ಹೊಲಿಯುವಾಗ ಹಕ್ಕಿ ಅವಳ ಮಡಿಲಲ್ಲೇ. ರೆಕ್ಕೆಪುಕ್ಕ ಕೆದರಿಕೊಂಡು, ಜುಟ್ಟು ಮಲಗಿಸಿ, ಎರಡೂ ಕಾಲು ಊರಿ ತೂಕಡಿಸುತ್ತಿತ್ತು. ಬಟ್ಟಲಿನ ಮುಂದೆ ಇಟ್ಟರೆ ಕೊಕ್ಕಾಡಿಸುತ್ತಿತ್ತು. ತಿನ್ನುತ್ತಿದೆ ಎಂದುಕೊಂಡಳು. ಕಾಳು ಹಾಗಿಂದ ಹಾಗೇ ಕೆಳಗುದುರುತ್ತಿತ್ತು. ಹಿಕ್ಕೆ ನೀರು ನೀರಾಗಿ, ಹಸಿರಾಗಿ ಅವಳ ಬಟ್ಟೆಯ ಮೇಲೆ ಬೀಳುತ್ತಿತ್ತು. ಕೂಸು ಮಡಿಲಲ್ಲಿ ಮಾಡಿಕೊಂಡಷ್ಟೇ ಅಕ್ಕರೆಯಿಂದ ಒರೆಸಿಕೊಂಡಳು. ಒಂದು ಎಳೆ ನೂಲು ಆಚೀಚೆಯಾದರೆ ಅಷ್ಟು ದೂರದಿಂದ ಹಿಡಿಯುವ ಕಣ್ಣು ಸ್ವಾಮಿ ಅದು. ಆ ಕಣ್ಣಿಗೆ ಅದೇನು ಮಂಕು ಕವಿದಿತ್ತೋ ಕಾಣೆ.

ಕಡೆಗೆ ಹಿಡಿದದ್ದು ಕಣ್ಣಲ್ಲ, ಕೈ. ಮೈ ಇಳಿದವರನ್ನು ಅಳತೆ ಪಟ್ಟಿ ಸುತ್ತುವ ಮೊದಲೇ ಅವಳ ಕೈ ಗುರುತಿಸಿಬಿಡುತ್ತಿತ್ತು. ಒಂದು ಮಧ್ಯಾಹ್ನ ಮಡಿಲಿನಿಂದ ಎತ್ತುವಾಗ ಹಕ್ಕಿಯ ಎದೆಯ ಕೆಳಗೆ ಬೆರಳು ಹೋಯಿತು. ಎದೆಮೂಳೆ ಕತ್ತರಿಯ ಅಲಗಿನಂತೆ ಚೂಪಾಗಿತ್ತು, ಅದರ ಎರಡೂ ಬದಿಗೆ ಮಾಂಸವೇ ಇರಲಿಲ್ಲ. ಆಗ ಬಗ್ಗಿ ನೋಡಿದಳು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ಹೊಲಿಯುತ್ತಿದ್ದುದನ್ನು ಅಲ್ಲೇ ಬಿಟ್ಟು, ಹಕ್ಕಿಯನ್ನು ದುಪ್ಪಟ್ಟಿಯಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದಳು.

ಡಾಕ್ಟರಮ್ಮ ತೂಕ ನೋಡಿದಳು, ಕೊಕ್ಕು ಬಿಡಿಸಿ ನೋಡಿದಳು, ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಬಹಳ ಹೊತ್ತು ಕೇಳಿದಳು.

"ಯಾವಾಗಿಂದ ಹೀಗಿದೆ?"

"ಒಲಿದಾಗಿನಿಂದ" ಎಂದಳು ದರ್ಜಿಯಮ್ಮ. ಬಾಯಿಗೆ ಬಂದದ್ದು ಅದೇ. "ಮೊದಲು ನನ್ನನ್ನ ಕಂಡ್ರೆ ಆಗ್ತಿರಲಿಲ್ಲ ಡಾಕ್ಟ್ರೇ. ಈಗ ನನ್ನ ಬಿಟ್ಟು ಕದಲಲ್ಲ."

ಡಾಕ್ಟರಮ್ಮ ಕೊಳವೆ ತೆಗೆದಿಟ್ಟಳು. "ನೋಡಿಮ್ಮ, ಹಕ್ಕಿ ಕಾಯಿಲೆ ತೋರಿಸಿಕೊಳ್ಳಲ್ಲ. ಸೋತಿರೋದು ಕಂಡ್ರೆ ಗಿಡುಗ ಮೊದಲು ಅದನ್ನೇ ಎತ್ತಿಕೊಂಡು ಹೋಗುತ್ತಲ್ಲ. ಅದಕ್ಕೇ ಶಕ್ತಿ ಇರೋವರೆಗೂ ಚೆನ್ನಾಗಿದೀನಿ ಅಂತ ನಾಟಕ ಆಡುತ್ತೆ. ಇದು ನಿಮಗೆ ಒಲಿದಿಲ್ಲ. ಬೇಡ ಅನ್ನೋಕೆ ಇದಕ್ಕೆ ಶಕ್ತಿ ಇಲ್ಲ."

ಡಾಕ್ಟರಮ್ಮ ಕೆಟ್ಟವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಒಂದು ಸೂಜಿ ಚುಚ್ಚಿ, ಬೆಚ್ಚಗಿಡಿ ಎಂದಳು. ಮೊದಲೇ ತಂದಿದ್ದರೆ ಎಂದು ಶುರುಮಾಡಿ, ಎದುರಿದ್ದ ಮುಖ ನೋಡಿ ಹಕ್ಕಿಯನ್ನು ಮತ್ತೆ ದುಪ್ಪಟ್ಟಿಯಲ್ಲಿ ಸುತ್ತಿಕೊಟ್ಟಳು.

ಮನೆಗೆ ಬಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಬಟ್ಟೆ ಹಾಸಿ, ಮೇಲೆ ಬಲ್ಬು ಇಳಿಬಿಟ್ಟು ಕಾದಳು. ಕೊಕ್ಕಿನ ಸಂದಿಗೆ ನೀರು ಹನಿಸಿದಳು. "ಒಂದ್ಸಲ ಕಿರುಚೇ. ಬೈಯೇ ನನ್ನ" ಎಂದು ಗೋಗರೆದಳು. ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಹಕ್ಕಿ ಅವಳ ಅಂಗೈಯಲ್ಲೇ ತಲೆ ವಾಲಿಸಿತು.

ಮಗಳು ಶಾಲೆಯಿಂದ ಬಂದಾಗಲೂ ಅದು ಅಂಗೈಯಲ್ಲೇ ಇತ್ತು. ಹುಡುಗಿ ನೋಡಿದಳು. ಹತ್ತಿರ ಬರಲಿಲ್ಲ.

"ಹೋಗ್ಲಿ ಬಿಡಿ. ನಿಮ್ಮ ಕೈಲೇ ಹೋಯ್ತಲ್ಲ" ಎಂದಳು. "ಅಮ್ಮನ್ನ ಅದು ಮರೆತೇಬಿಟ್ಟಿತ್ತು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಹಕ್ಕಿ ತನ್ನದಾಗಿಯೇ ಸತ್ತಂತಾಗುತ್ತಿತ್ತು, ಸುಳ್ಳೆಂದು ಹೇಳುವವರು ಯಾರೂ ಇರಲಿಲ್ಲ. ಆದರೆ ಆ ಮಗುವಿನ ಮುಖ ನೋಡಿಕೊಂಡು ಹೂಂ ಎನ್ನಲು ಅವಳಿಂದಾಗಲಿಲ್ಲ.

"ಇಲ್ಲ ಮಗಳೇ. ಅದು ಮರೆತಿರಲಿಲ್ಲ. ಮೈ ಹುಷಾರಿರಲಿಲ್ಲ, ಅದಕ್ಕೇ ನನ್ನ ಹತ್ರ ಕೂತಿತ್ತು. ಹುಷಾರಾಗಿದ್ದಿದ್ರೆ ಇವತ್ತೂ ನನ್ನ ಕೈ ಕಚ್ಚಿ ಕಳಿಸ್ತಿತ್ತು. ಕೊನೇವರೆಗೂ ನಿಮ್ಮಮ್ಮನ ಹಕ್ಕೀನೇ ಅದು."

"ನಾನು ಹೇಳಿದ್ದೆ." ಹುಡುಗಿ ಬ್ಯಾಗು ಕೆಳಗಿಟ್ಟಳು. "ಅವತ್ತೇ ಹೇಳಿದ್ದೆ ನಿಮಗೆ."

"ಹೇಳಿದ್ದೆ ಕಣಮ್ಮ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಹುಡುಗಿ ಎರಡೂ ಕೈ ಒಡ್ಡಿದಳು. ದರ್ಜಿಯಮ್ಮ ಹಕ್ಕಿಯನ್ನು ಆ ಕೈಗಳಿಗೆ ಇಳಿಸಿದಳು. ಹುಡುಗಿ ಅದನ್ನು ಎದೆಗವಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಮ್ಮಾ ಅಮ್ಮಾ ಎಂಬ ಅಳು ಕೇಳಿಸಿತು. ಕರೆದದ್ದು ತನ್ನನ್ನಲ್ಲ ಎಂದು ಗೊತ್ತಿದ್ದರೂ ಅವಳು ಎದ್ದು ಬಾಗಿಲವರೆಗೆ ಹೋದಳು, ತಟ್ಟಲಾಗದೆ ವಾಪಸು ಬಂದು ಕೂತಳು.

ಡ್ರೈವರ್ ಪಾಳಿ ಮುಗಿಸಿ ಬಂದಾಗ ಅವಳು ಮೆಷಿನ್ ಮುಂದೆ ಹಾಗೇ ಕೂತಿದ್ದಳು. ಖಾಲಿ ಪಂಜರ ನೋಡಿದ, ಬಲ್ಬಿನ ಕೆಳಗಿನ ಖಾಲಿ ಪೆಟ್ಟಿಗೆ ನೋಡಿದ, ಮಗಳ ಬಾಗಿಲು ನೋಡಿದ, ಅವನಿಗೆ ತಿಳಿಯಿತು. ಪಾಪ, ಒಳ್ಳೆಯ ಮನುಷ್ಯ. ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡ.

"ಅಳಬೇಡ. ಕೊನೆಗಾದ್ರೂ ನಿನಗೆ ಒಲೀತಲ್ಲ. ಅಷ್ಟು ಪುಣ್ಯ ಸಾಕು."

ಹಾಗಲ್ಲ ಎಂದು ಇನ್ನೊಮ್ಮೆ ಬಿಡಿಸಿ ಹೇಳಲು ಅವಳಿಗೆ ಶಕ್ತಿ ಇರಲಿಲ್ಲ. ಅವನು ತಲೆ ನೇವರಿಸಿದ. ಅವಳು ಕಣ್ಣು ಮುಚ್ಚಿಕೊಂಡಳು. ಸಮಾಧಾನವಾಗಿರಬೇಕು ಎಂದುಕೊಂಡು ಅವನು ನೇವರಿಸುತ್ತಲೇ ಇದ್ದ.